ಮೈಕ್ರಾನ್‌ಗೆ ಹಸಿರು ಚೀಟಿ

ನನ್ನನ್ನು ಎರಡು ಸಲ ಕಚ್ಚಿದ ನಾಯಿಯ ವಿಷಯದಲ್ಲಿ ನಾನು ನ್ಯಾಯವಾಗಿ ಬರೆಯುತ್ತೇನೆಂದು ಯಾರೂ ನಂಬಬೇಕಾಗಿಲ್ಲ. ಆದರೆ ಕಲ್ಯಾಣಪ್ಪನ ಬಗ್ಗೆ ಬರೆಯಲು ಕೂತರೆ ಆ ನಾಯಿಯನ್ನು ದಾಟಿಕೊಂಡೇ ಹೋಗಬೇಕು. ಸನತ್‌ನಗರದ ಅವನ ಮನೆಗೆ ಹೋದವರಿಗೆಲ್ಲ ಅದೇ ಗತಿಯಾಗಿತ್ತು.

ಕಲ್ಯಾಣಪ್ಪ ಗದಗಿನ ಕಡೆಯವನು. ಹುಬ್ಬಳ್ಳಿಯಲ್ಲಿ ಐಟಿಐ ಮುಗಿಸಿ ಹೈದರಾಬಾದಿಗೆ ಬಂದು, ವಿಮಾನಗಳಿಗೆ ಬೇಕಾದ ಎಲೆಕ್ಟ್ರಾನಿಕ್ ಸಾಮಾನು ತಯಾರಿಸುವ ಬಾಲಾನಗರದ ಸರ್ಕಾರಿ ಕಾರ್ಖಾನೆ ಸೇರಿದ. ಅದೇ ವರ್ಷ ನಾನೂ ಬೀದರಿನಿಂದ ಬಂದು ಸೇರಿದೆ. ಅವನಿಗೆ ಸಿಕ್ಕಿದ್ದು ಒಳಗೆ ಬರುವ ಮಾಲಿನ ತಪಾಸಣೆ, ನನಗೆ ಸಿಕ್ಕಿದ್ದು ಹೊರಗೆ ಹೋಗುವ ಮಾಲಿನ ರವಾನೆ. ಮೂವತ್ತೊಂದು ವರ್ಷ ಇಬ್ಬರೂ ಅಲ್ಲಲ್ಲೇ ಇದ್ದೆವು. ಒಳಗೆ ಬಂದದ್ದೆಲ್ಲ ಅವನಿಗೆ ಗೊತ್ತು, ಹೊರಗೆ ಹೋದದ್ದೆಲ್ಲ ನನಗೆ ಗೊತ್ತು. ನಡುವೆ ಏನಾಗುತ್ತದೆಂದು ತಿಳಿದವರು ಬೇರೆ ಇದ್ದರು, ಅವರು ಊಟಕ್ಕೆ ನಮ್ಮ ಜೊತೆ ಕೂಡುತ್ತಿರಲಿಲ್ಲ.

ಅವನ ಅಂಗಿಯ ಜೇಬಿನಲ್ಲಿ ಸದಾ ಎರಡು ಬಗೆಯ ಚೀಟಿಗಳಿರುತ್ತಿದ್ದವು. ಪಾಸಾದ ಮಾಲಿಗೆ ದಾರದಿಂದ ಹಸಿರು ಚೀಟಿ ಕಟ್ಟಬೇಕು, ಫೇಲಾದದ್ದಕ್ಕೆ ಕೆಂಪು. ಒಮ್ಮೆ ಕಟ್ಟಿದ ಚೀಟಿಯನ್ನು ಕಲ್ಯಾಣಪ್ಪ ಬಿಚ್ಚಿದ್ದೇ ಇಲ್ಲ. ದೊಡ್ಡ ಸಾಹೇಬರೇ ಬಂದು ಹೆಗಲ ಮೇಲೆ ಕೈಹಾಕಿ ಕೇಳಿದರೂ ಕೆಂಪು ಕೆಂಪಾಗಿಯೇ ಉಳಿಯುತ್ತಿತ್ತು. ಮಾಲು ತಂದವರು ಅವನನ್ನು ಕಂಡರೆ ಹಲ್ಲು ಕಡಿಯುತ್ತಿದ್ದರು, ಅವನಿಗೆ ಅದರಿಂದ ಒಳ್ಳೆಯ ನಿದ್ದೆ ಬರುತ್ತಿತ್ತು.

ಮನೆಯಲ್ಲೂ ಅದೇ ಚಾಳಿ. ತರಕಾರಿಯವಳ ಬೆಂಡೆಕಾಯಿಯ ತುದಿ ಒಂದೊಂದಾಗಿ ಮುರಿದು ನೋಡಿ, ಹತ್ತರಲ್ಲಿ ಎರಡು ಬಲಿತಿದ್ದರೆ ಬುಟ್ಟಿಯನ್ನೇ ವಾಪಸ್ ಕಳಿಸುವನು. ಇದ್ದ ಒಬ್ಬಳೇ ಮಗಳು ಚಿತ್ರಾಳನ್ನು ನೋಡಲು ವರ ಬಂದಾಗ, ಅವನನ್ನು ಹೊಸಿಲ ಮೇಲೆ ನಿಲ್ಲಿಸಿ, ಬೆಳಕಿಗೆ ಮುಖ ತಿರುಗಿಸಿ ನೋಡಿದವನು ಇವನು. ಹೈಟೆಕ್ ಸಿಟಿಯ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಕಂಪ್ಯೂಟರ್ ಕೆಲಸ ಅಂದರೆ ಸಾಕು, ಜನ ಕಣ್ಣುಮುಚ್ಚಿ ಹೆಣ್ಣು ಕೊಡುತ್ತಿದ್ದರು. ಕಲ್ಯಾಣಪ್ಪ ಹಾಗೆ ಕೊಡುವ ಆಸಾಮಿಯಲ್ಲ. ಮೈಸೂರಿನ ಹುಡುಗ ರವಿಕಿರಣ ತಾನು ಮಾಧಾಪುರದ ಕಂಪನಿಯಲ್ಲಿ ಟೆಸ್ಟಿಂಗ್ ಮಾಡುತ್ತೇನೆ, ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದೇ ತನ್ನ ಕೆಲಸ ಎಂದ ಮೇಲೆಯೇ ಮಾವನ ಮುಖ ಅರಳಿತು. ತಪ್ಪು ಹುಡುಕಲು ಸಂಬಳ ಪಡೆಯುವ ಇನ್ನೊಬ್ಬ ಸಿಕ್ಕಿದ್ದ.

ಮದುವೆಯಾಗಿ ಚಿತ್ರಾ ಗಂಡನ ಜೊತೆ ಕೊಂಡಾಪುರದ ಬಾಡಿಗೆ ಮನೆಗೆ ಹೋದಳು. ಇತ್ತ ಮನೆ ಬಣಬಣ ಎನ್ನತೊಡಗಿತು. ಅದೇ ತಿಂಗಳು ಕಾರ್ಖಾನೆಯ ಹಿಂದಿನ ಕಟ್ಟಿಗೆ ಪೆಟ್ಟಿಗೆಗಳ ರಾಶಿಯಲ್ಲಿ ಒಂದು ನಾಯಿಮರಿ ಸಿಕ್ಕಿತು, ಅಂಗೈಯಗಲ. ಕಲ್ಯಾಣಪ್ಪ ಅದನ್ನು ಊಟದ ಚೀಲದಲ್ಲಿಟ್ಟುಕೊಂಡು ಬಂದು ಮೈಕ್ರಾನ್ ಎಂದು ಹೆಸರಿಟ್ಟ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಸಿಗುವ ಒಂದು ಪಾಲಿಗೆ ಆ ಹೆಸರು. ಅವನ ಕಸುಬಿನಲ್ಲಿ ಅದಕ್ಕಿಂತ ಸಣ್ಣದಿರಲಿಲ್ಲ. ಹೆಂಡತಿ ಶಿವದೇವಿಯ ಕೈಯ ಜೋಳದ ರೊಟ್ಟಿ, ಬೆಣ್ಣೆ ತಿಂದ ಮೈಕ್ರಾನ್ ಒಂದೇ ವರ್ಷದಲ್ಲಿ ಎಮ್ಮೆಗರುವಿನಷ್ಟಾಯಿತು.

ಆ ನಾಯಿಗೊಂದು ನೇಮವಿತ್ತು. ಮನೆಯೊಳಗೆ ಯಾರು ಬಂದರೂ, ಏನು ತಂದರೂ ಅದರ ತಕರಾರಿಲ್ಲ, ಬಾಲ ಅಲ್ಲಾಡಿಸಿ ಕರೆದುಕೊಳ್ಳುತ್ತಿತ್ತು. ಒಳಗಿನಿಂದ ಏನನ್ನಾದರೂ ಎತ್ತಿಕೊಂಡು ಹೊರಟರೆ ಮಾತ್ರ ಮೀನಖಂಡಕ್ಕೇ ಬಾಯಿ. ಗ್ಯಾಸಿನವನು ತುಂಬಿದ ಸಿಲಿಂಡರ್ ಇಳಿಸುವಾಗ ಸುಮ್ಮನಿದ್ದು, ಖಾಲಿ ಸಿಲಿಂಡರ್ ಎತ್ತಿದಾಗ ಕಚ್ಚಿತು. ಹಳೆ ಪೇಪರಿನವನನ್ನು ಕಚ್ಚಿತು. ಮೊದಲ ಸಲ ನಾನು ಸುತ್ತಿಗೆ ಕೇಳಿ ಒಯ್ಯುತ್ತಿದ್ದೆ, ಎರಡನೆಯ ಸಲ ಶಿವದೇವಿಯೇ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ. ಎರಡೂ ಸಲ ಸೂಜಿ ಚುಚ್ಚಿಸಿಕೊಂಡೆ. ಸುತ್ತಿಗೆ ಇನ್ನೂ ಅವನ ಮನೆಯಲ್ಲೇ ಇದೆ.

“ಅದು ಹಂಗ ಕಚ್ಚಂಗಿಲ್ಲ ಸೋಮಣ್ಣ. ನೀ ಏನರ ಅಂದಿರಬೇಕು ಅದಕ್ಕ,” ಎನ್ನುತ್ತಿದ್ದ ಕಲ್ಯಾಣಪ್ಪ. ಹೆತ್ತವರಿಗೆ ಹೆಗ್ಗಣ ಮುದ್ದು. ಅವನನ್ನಂತೂ ಅದು ಒಂದು ದಿನವೂ ಕಚ್ಚಿರಲಿಲ್ಲ. ಬೆಳಿಗ್ಗೆ ಅವನು ಊಟದ ಡಬ್ಬಿ ಹಿಡಿದು ಹೊರಟರೆ ಗೇಟಿನವರೆಗೆ ಬಂದು ಬೀಳ್ಕೊಡುತ್ತಿತ್ತು.

ಎರಡು ಸಾವಿರದ ಒಂದನೇ ಇಸವಿಯಲ್ಲಿ ಚಿತ್ರಾಳಿಗೆ ಏಳನೇ ತಿಂಗಳು ತುಂಬಿದಾಗ ಪೇಚು ಶುರುವಾಯಿತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಶಿವದೇವಿ ಅಂಟಿನುಂಡೆಗೆ ಅಂಟು, ಕೊಬ್ಬರಿ, ಉತ್ತತ್ತಿ ತರಿಸಿಟ್ಟಿದ್ದಳು. ಮೊಮ್ಮಗು ಮಲಗಲೆಂದು ಕಲ್ಯಾಣಪ್ಪ ಹಳೆಯ ತೊಟ್ಟಿಲನ್ನು ಅಟ್ಟದಿಂದ ಇಳಿಸಿ, ನಾಲ್ಕೂ ಮೂಲೆ ಸಮ ಇವೆಯೇ ಎಂದು ಅಳೆದು ನೋಡಿಯಾಗಿತ್ತು. ಅಷ್ಟರಲ್ಲಿ ರವಿಕಿರಣನ ತಾಯಿ ವತ್ಸಲಾ ಅವರ ಫೋನು ಬಂತು, ಮೈಸೂರಿನಿಂದ.

“ಬೀಗರೇ, ಬೇಜಾರು ಮಾಡ್ಕೋಬೇಡಿ. ಆ ನಾಯಿ ಇರೋ ಮನೇಲಿ ಹಸುಗೂಸು ಇಡೋದಕ್ಕೆ ನನ್ನ ಮನಸ್ಸು ಒಪ್ಪಲ್ಲ. ಅದನ್ನ ಎಲ್ಲಾದ್ರೂ ಕಳಿಸಿ. ಇಲ್ಲಾಂದ್ರೆ ಬಾಣಂತನ ನಾವೇ ಮಾಡ್ತೀವಿ, ಚಿತ್ರಾನ ಮೈಸೂರಿಗೆ ಕರ್ಕೊಂಡು ಬರ್ತೀವಿ.”

ಮಾತು ನ್ಯಾಯವಾದದ್ದೇ. ನನ್ನ ಕಾಲನ್ನು ಕೇಳಿದ್ದರೆ ಅದೂ ಹೌದೆನ್ನುತ್ತಿತ್ತು. ಆದರೆ ಕಲ್ಯಾಣಪ್ಪನ ಮುಖ ಸೋತುಹೋಯಿತು. ಅವತ್ತು ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಅವನು ಹೇಳಿದ್ದು ನನಗೆ ಈಗಲೂ ನೆನಪಿದೆ.

“ಕಾರ್ಖಾನ್ಯಾಗ ನಾ ಬರೂದು ಕಂಡ್ರ ಮಂದಿ ಮಾರಿ ತಿರುವ್ತಾರ, ಸೋಮಣ್ಣ. ಬಜಾರಕ್ಕ ಹೋದ್ರ ತರಕಾರಿಯಾಕಿ ಬುಟ್ಟಿ ಮುಚ್ಚತಾಳ. ಮೂವತ್ತು ವರ್ಷದಾಗ ನಾ ಬಂದೆ ಅಂತ ಕುಣದಾಡಿದ್ದು ಇದೊಂದ ಜೀವ. ಮುಂದಿನ ವರ್ಷ ರಿಟೈರ್ ಆಗತೀನಿ. ಮೊಮ್ಮಗು ಬೇಕು, ನಾಯಿನೂ ಬೇಕು. ಎರಡೂ ಬೇಕು ಅನ್ನೂದು ತಪ್ಪೇನು?”

ತಪ್ಪೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅದೇ ನಾನು ಮಾಡಿದ ತಪ್ಪು.

ರವಿಕಿರಣ ಆಫೀಸಿನ ಇಂಟರ್ನೆಟ್ಟಿನಿಂದ ನಾಯಿ ಮತ್ತು ಮಕ್ಕಳ ಬಗ್ಗೆ ಮೂವತ್ತೆಂಟು ಪುಟ ಪ್ರಿಂಟ್ ತೆಗೆದು ತಂದ. ಕಚ್ಚುವ ನಾಯಿಯನ್ನು ಮಗುವಿನ ಹತ್ತಿರ ಬಿಡಲೇಬಾರದು ಎಂದು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿತ್ತಂತೆ. ಮಾವ, ಅಳಿಯ ಇಬ್ಬರೂ ಅದನ್ನು ಪೀಠಿಕೆ ಎಂದುಕೊಂಡು ಮಗುಚಿ ಹಾಕಿದರು. ಹನ್ನೊಂದನೇ ಪುಟದಲ್ಲಿ, ಮಗು ಬರುವ ಮೊದಲೇ ಒಂದು ಗೊಂಬೆಯನ್ನಿಟ್ಟು ನಾಯಿಗೆ ರೂಢಿ ಮಾಡಿಸಬಹುದು ಎಂದಿತ್ತು. ಅಲ್ಲಿಗೆ ಇಬ್ಬರ ಕಣ್ಣೂ ಹೊಳೆದವು.

“ಮಾವ, ಟೆಸ್ಟ್ ಪ್ಲಾನ್ ಬರೆಯೋಣ,” ಎಂದ ಅಳಿಯ.

“ಬರೀರಿ. ಸಹಿ ನಾ ಮಾಡತೀನಿ,” ಎಂದ ಮಾವ.

ಗೊಂಬೆ ಹಗುರ, ಅದು ಆಗುವುದಿಲ್ಲ ಎಂದು ಕಲ್ಯಾಣಪ್ಪನೇ ತಿರಸ್ಕರಿಸಿದ. ಹುಟ್ಟುವ ಕೂಸು ಮೂರು ಕಿಲೋ ಇರುತ್ತದೆ, ಮಾದರಿಯೂ ಅಷ್ಟೇ ಇರಬೇಕು. ಅಡಿಗೆಮನೆಗೆ ಹೋಗಿ ರುಬ್ಬುಗುಂಡನ್ನು ಎತ್ತಿಕೊಂಡು ಬಂದ. ತೂಗಿದರೆ ಮೂರು ಕಿಲೋ ನೂರು ಗ್ರಾಂ. ಇದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ಕಡೆ ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕುವುದು ಗುಂಡುಕಲ್ಲನ್ನೇ. ಅದಕ್ಕೆ ಕುಲಾವಿ ತೊಡಿಸಿ, ಗುಂಡಪ್ಪ ಎಂದು ಕರೆದು, ಹಾಡಿ ತೂಗಿ, ಆಮೇಲೆ ಅದನ್ನು ತೆಗೆದು ಕೂಸನ್ನು ಮಲಗಿಸುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು.

“ಹೆಂಗೂ ಅವತ್ತು ತೊಟ್ಟಲದಾಗ ಗುಂಡಪ್ಪನ ಇರತಾನ. ಈಗಿಂದ ರೂಢಿ ಆಗಲಿ,” ಎಂದ ಕಲ್ಯಾಣಪ್ಪ.

ಹೀಗೆ ನಡುಮನೆಯ ತೊಟ್ಟಿಲಲ್ಲಿ ಚಿತ್ರಾಳ ಹಳೆ ಸೀರೆಯಲ್ಲಿ ಸುತ್ತಿದ ರುಬ್ಬುಗುಂಡು ಬಂದು ಮಲಗಿತು. ಅದಕ್ಕೆ ಕುಲಾವಿ ಹಾಕಿದರು. ದಿನಾ ಬೆಳಿಗ್ಗೆ ಮಕ್ಕಳ ಪೌಡರ್ ಹಚ್ಚಿದರು. ರವಿಕಿರಣ ತನ್ನ ಸಹೋದ್ಯೋಗಿಯ ಮಗುವಿನ ಅಳುವನ್ನು ಕ್ಯಾಸೆಟ್ಟಿನಲ್ಲಿ ತುಂಬಿಕೊಂಡು ಬಂದ, ಟೇಪ್‌ರೆಕಾರ್ಡರನ್ನು ತೊಟ್ಟಿಲ ಕೆಳಗಿಟ್ಟರು. ಕ್ಯಾಸೆಟ್ಟಿನ ಕೊನೆಗೆ ಆ ಮಗುವಿನ ಅಜ್ಜಿ ತೆಲುಗಿನಲ್ಲಿ ಬೈಯುವುದೂ ಕೇಳುತ್ತಿತ್ತು. ಗುಂಡಪ್ಪ ಅತ್ತು ಸುಮ್ಮನಾದ ಮೇಲೆ ಅಜ್ಜಿ ಬೈಯುವುದು ಆ ಮನೆಗೆ ರೂಢಿಯಾಗಿಬಿಟ್ಟಿತು.

ಇಪ್ಪತ್ತೊಂದು ದಿನ ಪರೀಕ್ಷೆ ನಡೆಯಿತು. ರಟ್ಟಿನ ಮೇಲೆ ಹಾಳೆ ಸಿಕ್ಕಿಸಿಕೊಂಡು ಕಲ್ಯಾಣಪ್ಪ ಬರೆದುಕೊಳ್ಳುತ್ತಿದ್ದ. ಮೈಕ್ರಾನ್ ಮೂಸಿತು: ಪಾಸ್. ಅಳು ಕೇಳಿ ಬೊಗಳಲಿಲ್ಲ: ಪಾಸ್. ತೊಟ್ಟಿಲು ತೂಗಿದಾಗ ಹಾರಲಿಲ್ಲ: ಪಾಸ್. ಪ್ರತಿ ಪಾಸಿಗೂ ತೊಟ್ಟಿಲ ಪಕ್ಕದಲ್ಲೇ ಒಂದು ಬಿಸ್ಕತ್ತು. ಒಂದು ವಾರದೊಳಗೆ ಆ ನಾಯಿ ತೊಟ್ಟಿಲ ಕೆಳಗೆ ಮಲಗತೊಡಗಿತು. ಎರಡನೇ ವಾರ, ಅಳು ಕೇಳಿದರೆ ತಾನೇ ಎದ್ದು ತೊಟ್ಟಿಲಿಗೆ ಮೂತಿ ತಾಗಿಸಿ ತೂಗುತ್ತಿತ್ತು. ಮೂರನೇ ವಾರ ನಾನೇ ನೋಡಿದೆ, ಅದು ಮುಂಗಾಲು ಊರಿ ನಿಂತು ರುಬ್ಬುಗುಂಡಿನ ಮುಖ ನೆಕ್ಕುತ್ತಿತ್ತು. ಮುಖ ಯಾವ ಕಡೆ ಎಂದು ಅದಕ್ಕೆ ಹೇಗೆ ತಿಳಿಯಿತೋ.

ಶಿವದೇವಿ ಒಲೆಯ ಮುಂದಿನಿಂದಲೇ ಹೇಳಿದಳು. “ಇಬ್ರೂ ಕೂಡಿ ಕಲ್ಲಿಗೆ ಪೌಡರ್ ಬಡೀಲಿಕತ್ತೀರಿ. ಹಡದಾಕಿ ನಾ ಇದ್ದೀನಿ, ನನ್ನ ಒಂದು ಮಾತು ಕೇಳಂಗಿಲ್ಲ. ಮೂರು ತಿಂಗಳು ನಾಯಿನ್ನ ಬ್ಯಾರೆ ಕಡೆ ಇಡ್ರಿ ಅಂದ್ರ ಮುಗೀತಲ್ಲ.”

“ಪರೀಕ್ಷಾ ಪಾಸಾಗೈತಿ, ಶಿವದೇವಿ. ಇಪ್ಪತ್ತೊಂದು ದಿನದ ರಿಪೋರ್ಟ್ ಐತಿ.”

“ರಿಪೋರ್ಟ್ ತೊಟ್ಟಲದಾಗ ಹಾಕಿ ತೂಗ್ರಿ ಹಂಗಾರ. ಚಟ್ನಿ ರುಬ್ಬಾಕ ನನ್ನ ಗುಂಡು ಕೊಡ್ರಿ.”

ಕೊಡಲಿಲ್ಲ. ನಿಜವಾದ ಕೂಸು ತೊಟ್ಟಿಲಿಗೆ ಬರುವ ತನಕ ಮಾದರಿಯನ್ನು ಜಾಗದಿಂದ ಕದಲಿಸಬಾರದು ಎಂಬುದು ಅವನ ಕಾನೂನು. ಹೆಸರಿಡುವ ದಿನದವರೆಗೂ ಆ ಕಲ್ಲು ಒಮ್ಮೆಯೂ ನಡುಮನೆ ದಾಟಲಿಲ್ಲ.

ಹೆರಿಗೆ ಸಿಕಂದರಾಬಾದಿನ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಯಿತು, ಹೆಣ್ಣುಕೂಸು. ಮನೆಗೆ ಬಂದ ಮೇಲೆ ಬಾಣಂತಿ, ಕೂಸು ಇಬ್ಬರೂ ಒಳಕೋಣೆಯಲ್ಲಿ. ಆ ಬಾಗಿಲ ಬೀಗದ ಕೈ ಶಿವದೇವಿಯ ಸೊಂಟದಲ್ಲಿ. ಹದಿಮೂರನೇ ದಿನ ಹೆಸರಿಡುವ ತನಕ ನಾಯಿ ಕೂಸಿನ ಹತ್ತಿರ ಸುಳಿಯಕೂಡದು ಎಂದು ಅವಳ ಕಟ್ಟಪ್ಪಣೆ. ವತ್ಸಲಾ ಅವರೂ ಫೋನಿನಲ್ಲಿ ಕಡೆಯ ಮಾತು ಹೇಳಿದರು. “ಹೆಸರಿಡೋ ದಿನ ಬರ್ತೀನಿ. ಕಣ್ಣಾರೆ ನೋಡ್ತೀನಿ. ಸರಿ ಅನಿಸಲಿಲ್ಲ ಅಂದ್ರೆ ತಾಯಿ ಮಗು ಇಬ್ಬರನ್ನೂ ನಮ್ಮೂರಿಗೆ ಕರ್ಕೊಂಡು ಹೋಗ್ತೀನಿ.”

ಹೆಸರಿಡುವ ದಿನ ನಡುಮನೆ ತುಂಬಿತು. ಕಾರ್ಖಾನೆಯ ಕನ್ನಡದ ಕುಟುಂಬಗಳ ಹೆಂಗಸರೆಲ್ಲ ಬಂದಿದ್ದರು. ಕಲ್ಯಾಣಪ್ಪ ಮದುವೆಯ ಕಾಲದ ರೇಷ್ಮೆ ಧೋತರ ಉಟ್ಟಿದ್ದ. ಮೈಕ್ರಾನ್‌ಗೂ ಸ್ನಾನವಾಗಿತ್ತು, ಅದರ ಕೊರಳಪಟ್ಟಿಗೆ ದಾರದಿಂದ ಹಸಿರು ಚೀಟಿ ಕಟ್ಟಿತ್ತು. ದಿನಾಂಕ, ಸಹಿ, ಪಾಸ್ ಎಂಬ ಮೊಹರು. ಮೊಹರನ್ನು ಕಾರ್ಖಾನೆಯಿಂದ ತಂದಿದ್ದನೇ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಅವನು ಸರಪಳಿಯ ತುದಿ ಹಿಡಿದು ತೊಟ್ಟಿಲ ಪಕ್ಕದಲ್ಲಿ ನಿಂತ. ನಾಯಿ ಕೆಳಗೆ ಮಲಗಿತ್ತು. ವತ್ಸಲಾ ಅವರು ತೊಟ್ಟಿಲಿನ ಆಚೆ ಬದಿಗೆ, ಸೀರೆಯ ನೆರಿಗೆ ಬಿಗಿಹಿಡಿದು ಕೂತಿದ್ದರು.

ಗುಂಡಪ್ಪನಿಗೆ ಹೊಸ ಕುಲಾವಿ ತೊಡಿಸಿದರು, ಹಾಡಿದರು, ತೂಗಿದರು. ನಾಯಿ ಬಾಲ ಬಡಿಯಿತು. ಆಮೇಲೆ ಶಿವದೇವಿ ಗುಂಡಪ್ಪನನ್ನು ತೆಗೆದು ಪದ್ಧತಿಯಂತೆ ತೊಟ್ಟಿಲ ಕೆಳಗಿನಿಂದ ಬೀಗತಿಯ ಮಡಿಲಿಗೆ ಕೊಟ್ಟಳು. ಚಿತ್ರಾ ಕೂಸನ್ನು ತಂದು ತೊಟ್ಟಿಲಲ್ಲಿ ಮಲಗಿಸಿದಳು. ನಾಯಿ ಎದ್ದಿತು, ಮೂಸಿತು. ಕಲ್ಯಾಣಪ್ಪ ಸರಪಳಿಯನ್ನು ಬಿಗಿ ಹಿಡಿದಿದ್ದ, ಆದರೆ ಅದರ ಅಗತ್ಯ ಬೀಳಲಿಲ್ಲ. ಕೂಸು ಕ್ಯಾಸೆಟ್ಟಿನ ಕೂಸಿನ ಹಾಗೆಯೇ ಅತ್ತಿತು. ಮೈಕ್ರಾನ್ ಒಂದು ಕ್ಷಣ ಕಾದು, ಅಜ್ಜಿ ಯಾಕೋ ಬೈಯಲಿಲ್ಲವಲ್ಲ ಎಂಬಂತೆ ಸುತ್ತ ನೋಡಿ, ಮತ್ತೆ ಮಲಗಿಕೊಂಡಿತು.

“ಪೂರ್ವಿ” ಎಂದು ಕೂಸಿನ ಕಿವಿಯಲ್ಲಿ ಹೆಸರು ಹೇಳಿದರು. ವತ್ಸಲಾ ಅವರ ಮುಖದ ಬಿಗಿ ಸಡಿಲಿತು. “ಪರವಾಗಿಲ್ಲ ಕಣ್ರೀ ಬೀಗರೇ. ನಾನೇ ಸುಮ್ನೆ ಹೆದರಿದ್ದೆ,” ಎಂದರು.

ಕಲ್ಯಾಣಪ್ಪ ಅಳಿಯನನ್ನು ನೋಡಿದ. ಅಳಿಯ ಮಾವನನ್ನು ನೋಡಿದ. ಇಬ್ಬರೂ ಚಂದ್ರನಿಗೆ ರಾಕೆಟ್ ಬಿಟ್ಟವರಂತೆ ಕೈಕುಲುಕಿದರು. ಕಲ್ಯಾಣಪ್ಪ ಅಷ್ಟು ಸಂತೋಷವಾಗಿದ್ದುದನ್ನು ನಾನು ಹಿಂದೆ ಕಂಡಿರಲಿಲ್ಲ. ಸುಳ್ಳೇಕೆ, ನನಗೂ ಸಂತೋಷವಾಯಿತು. ಆ ಸಂತೋಷದಲ್ಲೇ ಅವನು ಸರಪಳಿಯನ್ನು ಕಳಚಿ ಹೆಗಲಿಗೆ ಹಾಕಿಕೊಂಡುಬಿಟ್ಟ.

ಆಗ ವತ್ಸಲಾ ಅವರು, “ಈ ಗುಂಡಪ್ಪನ್ನ ಎಲ್ಲಿ ಇಡಲಿ? ಅಡಿಗೆಮನೇಲಾ?” ಎನ್ನುತ್ತ ಕಲ್ಲನ್ನು ಎತ್ತಿಕೊಂಡು ಎದ್ದರು.

ನಾಯಿಯೂ ಎದ್ದಿತು. ಗುರ್ ಎಂದಿತು.

ಮೂವತ್ತೊಂದು ವರ್ಷ ರವಾನೆ ವಿಭಾಗದಲ್ಲಿ ಕೂತವನು ನಾನು. ಮಾಲು ಒಳಗೆ ಬರುವುದು ಬೇರೆ, ಹೊರಗೆ ಹೋಗುವುದು ಬೇರೆ. ಆ ಕ್ಷಣಕ್ಕೆ ಇಪ್ಪತ್ತೊಂದು ದಿನದ ರಿಪೋರ್ಟೆಲ್ಲ ನನ್ನ ಕಣ್ಣ ಮುಂದೆ ಬಂತು. ಕಲ್ಲು ಬಂದರೆ, ಕಲ್ಲು ಮಲಗಿದರೆ, ಕಲ್ಲು ಅತ್ತರೆ ನಾಯಿ ಏನು ಮಾಡುತ್ತದೆಂದು ನೋಡಿದ್ದರು. ಕಲ್ಲನ್ನು ಯಾರಾದರೂ ಎತ್ತಿಕೊಂಡು ಹೋದರೆ ಏನು ಮಾಡುತ್ತದೆಂದು ನೋಡಿರಲಿಲ್ಲ. ಜೀವಮಾನವೆಲ್ಲ ಒಳಬರುವ ಮಾಲನ್ನೇ ನೋಡಿದವನಿಗೆ ಅದು ಹೊಳೆಯಲೇ ಇಲ್ಲ. ನನಗೆ ಹೊಳೆಯಬೇಕಿತ್ತು, ನಾನು ಬಿಸ್ಕತ್ತು ತಿನ್ನುತ್ತ ಕೂತಿದ್ದೆ.

“ಅಕ್ಕಾರ, ಅದನ್ನ ಕೆಳಗ ಇಡ್ರಿ. ಮೆಲ್ಲಕ,” ಎಂದೆ.

ಅವರು ಇಟ್ಟರು. ಕಲ್ಯಾಣಪ್ಪ ನಕ್ಕ. “ಹೊಸಬ್ರು ಅಂತ ಗುರ್ ಅಂತೈತಿ. ನನಗೇನ ಮಾಡತೈತಿ? ತರ್ರಿ ಇಲ್ಲೆ,” ಎಂದು ಗುಂಡಪ್ಪನನ್ನು ಎತ್ತಿ ಎದೆಗವಚಿಕೊಂಡು ಅಡಿಗೆಮನೆಯ ಕಡೆ ಹೊರಟ. ಊಟದ ಡಬ್ಬಿ ಅವನದು, ಅದಕ್ಕೇ ಇಷ್ಟು ವರ್ಷ ನಾಯಿ ಸುಮ್ಮನಿತ್ತು. ಗುಂಡಪ್ಪ ಮಾತ್ರ ನಾಯಿಯ ಕೂಸು. ಅಡಿಗೆಮನೆಯ ಹೊಸಿಲ ಮೇಲೆ ಕಾಲಿಟ್ಟನೋ ಇಲ್ಲವೋ, ಮೈಕ್ರಾನ್ ಬಂದು ಅವನ ಬಲಗಾಲ ಮೀನಖಂಡಕ್ಕೆ ಬಾಯಿ ಹಾಕಿತು. ನನಗೆ ಕಚ್ಚಿದ ಜಾಗವೇ.

ಕಲ್ಲು ಬಿದ್ದು ಹೊಸಿಲ ಹತ್ತಿರದ ಹಾಸುಗಲ್ಲು ಬಿರುಕುಬಿಟ್ಟಿತು. ರೇಷ್ಮೆ ಧೋತರದ ಅರ್ಧ ನಾಯಿಯ ಬಾಯಲ್ಲಿತ್ತು, ಉಳಿದರ್ಧವನ್ನು ಕಲ್ಯಾಣಪ್ಪ ಎರಡೂ ಕೈಯಿಂದ ಹಿಡಿದುಕೊಂಡು ಮರ್ಯಾದೆ ಕಾಪಾಡಿಕೊಂಡ. ಮೈಕ್ರಾನ್ ಗುಂಡಪ್ಪನನ್ನು ಮೂತಿಯಿಂದ ಉರುಳಿಸಿಕೊಂಡು ಬಂದು ತೊಟ್ಟಿಲ ಕೆಳಗೆ ಸೇರಿಸಿ, ಅದರ ಮೇಲೆ ಗದ್ದವಿಟ್ಟು ಕೂತಿತು.

ಯಾರೂ ನಗಲಿಲ್ಲ. ಏಕೆಂದರೆ ಚಿತ್ರಾ ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದ್ದಳು, ನಾಯಿ ಕತ್ತೆತ್ತಿ ಅವಳ ಕೈಯನ್ನೇ ನೋಡಿತು. ಕೂಸೂ ಈಗ ಆ ತೊಟ್ಟಿಲಿಗೆ ಬಂದ ಮಾಲು. ಚಿತ್ರಾ ಚಾಚಿದ ಕೈಯನ್ನು ಹಾಗೇ ಹಿಡಿದು ನಿಂತಳು. ಅವಳ ಕಣ್ಣಲ್ಲಿ ನೀರು ಬಂತು.

“ಅಪ್ಪಾ,” ಎಂದಳು, ಅಷ್ಟೇ.

ಕಲ್ಯಾಣಪ್ಪ ರಕ್ತ ಸೋರುವ ಕಾಲಲ್ಲೇ ಕುಂಟುತ್ತ ಬಂದು, ನೆಲದ ಮೇಲೆ ಕೂತ. “ಬಾ ಮರಿ,” ಎಂದ. ನಾಯಿ ತಲೆ ತಗ್ಗಿಸಿಕೊಂಡು ಬಂದು ಅವನ ಗಾಯವನ್ನೇ ನೆಕ್ಕಿತು. ಅವನು ಸರಪಳಿ ಸಿಕ್ಕಿಸಿ ಕಿಟಕಿಯ ಸರಳಿಗೆ ಎರಡು ಸುತ್ತು ಬಿಗಿದ. ಶಿವದೇವಿ ಕೂಸನ್ನು ಎತ್ತಿಕೊಂಡು ಒಳಕೋಣೆಗೆ ಓಡಿ ಬಾಗಿಲು ಹಾಕಿಕೊಂಡಳು.

ಆಮೇಲೆ ಅವನು ಮಾಡಿದ್ದು ಕಾರ್ಖಾನೆಯಲ್ಲಿ ಯಾರಿಗೆ ಹೇಳಿದರೂ ನಂಬಲಿಲ್ಲ. ನಾಯಿಯ ಕೊರಳಿನ ಹಸಿರು ಚೀಟಿಯನ್ನು ತಾನೇ ಬಿಚ್ಚಿದ. ಗೂಟಕ್ಕೆ ತೂಗುಹಾಕಿದ್ದ ಅಂಗಿಯ ಜೇಬಿನಿಂದ ಕೆಂಪು ಚೀಟಿ ತೆಗೆದುಕೊಡು ಎಂದು ನನಗೆ ಹೇಳಿದ. ಅದರ ಮೇಲೆ ಬರೆದ. ನಾಯಿಯ ಹೆಸರಿನ ಮುಂದೆ ಅಲ್ಲ, ತಪಾಸಣೆ ಮಾಡಿದವನು ಎಂಬ ಕಡೆ ತನ್ನ ಹೆಸರು ಬರೆದು, ಅದರ ಮುಂದೆ ಫೇಲ್ ಎಂದು ಬರೆದ. ಅದರ ದಾರವನ್ನು ಹೆಗಲಿನಿಂದ ಇಳಿಬಿಟ್ಟಿದ್ದ ತನ್ನ ಶಲ್ಯದ ತುದಿಗೆ ಕಟ್ಟಿಕೊಂಡ.

“ಬೀಗರ, ನಿಮ್ಮ ಮಾತ ಖರೆ ಇತ್ತು,” ಎಂದ ವತ್ಸಲಾ ಅವರಿಗೆ. “ನಾಯಿ ಹೋಗತೈತಿ. ಮಗಳು ಇರಲಿ.”

ಆ ಹೆಂಗಸು ದೊಡ್ಡವರು. ಮಾತು ಬೆಳೆಸಲಿಲ್ಲ. “ಮೊದಲು ಕಾಲು ತೊಳ್ಕೊಳ್ಳಿ, ಸೋಪು ಹಾಕಿ. ಆಮೇಲೆ ಆಸ್ಪತ್ರೆಗೆ ಹೋಗೋಣ. ಚಿತ್ರಾ ಇಲ್ಲೇ ಇರ್ತಾಳೆ,” ಎಂದರು. ಆಸ್ಪತ್ರೆಗೆ ನಾನೇ ಕರೆದೊಯ್ದೆ, ದಾರಿ ನನಗೆ ಚೆನ್ನಾಗಿ ಗೊತ್ತಿತ್ತು.

ಕಚ್ಚುವ ನಾಯಿಯನ್ನು ಯಾರು ತೆಗೆದುಕೊಳ್ಳುತ್ತಾರೆ? ಇದಕ್ಕೂ ರವಾನೆಯವನೇ ಬೇಕಾಯಿತು. ಬಾಲಾನಗರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ದ್ಯಾವಪ್ಪ ಎಂಬ ರಾಯಚೂರಿನ ಮುದುಕ ಕಾವಲಿಗಿದ್ದ. ಅಲ್ಲಿಯ ಅಂಗಳದಿಂದ ತಾಮ್ರದ ತಂತಿ ವಾರಕ್ಕೊಮ್ಮೆ ಮಾಯವಾಗುತ್ತಿತ್ತು. ನಾನು ಹೋಗಿ ನಾಯಿಯ ಸ್ವಭಾವ ವಿವರಿಸಿದೆ. ಒಳಗೆ ಬರುವವರಿಗೆ ಏನೂ ಮಾಡುವುದಿಲ್ಲ, ಒಯ್ಯುವವರನ್ನು ಬಿಡುವುದಿಲ್ಲ ಎಂದೆ. ಮಕ್ಕಳು ಮರಿ ಆ ಅಂಗಳಕ್ಕೆ ಬರುವುದಿಲ್ಲ ತಾನೇ ಎಂದೂ ಕೇಳಿಕೊಂಡೆ.

ದ್ಯಾವಪ್ಪ ಎಲೆಯಡಿಕೆ ಉಗುಳಿ ಬಂದು ಹೇಳಿದ. “ಕೂಸು ಕುನ್ನಿ ಯಾವೂ ಬರಂಗಿಲ್ರಿ ಇಲ್ಲಿ. ಇಂಥಾದ್ದ ಎಲ್ಲಿ ಬಚ್ಚಿಟ್ಟಿದ್ರಿ ಇಷ್ಟು ದಿನ?”

ಹತ್ತು ದಿನ ನಾಯಿಯನ್ನು ಹಿತ್ತಲಲ್ಲಿ ಕಟ್ಟಿಹಾಕಿ, ಅದಕ್ಕೆ ಯಾವ ರೋಗವೂ ಇಲ್ಲವೆಂದು ಡಾಕ್ಟರರು ಹೇಳಿದ ಮೇಲೆ ಹೊರಟೆವು. ಗುಂಡಪ್ಪನಿಲ್ಲದೆ ಮೈಕ್ರಾನ್ ಗೇಟು ದಾಟಲು ಒಪ್ಪಲಿಲ್ಲ. ಕಡೆಗೆ ನನ್ನ ಸ್ಕೂಟರಿನ ಕಾಲ ಹತ್ತಿರ ಚೀಲದಲ್ಲಿ ಗುಂಡಪ್ಪ, ಹಿಂದೆ ಆಟೋದಲ್ಲಿ ಸರಪಳಿ ಹಿಡಿದ ಕಲ್ಯಾಣಪ್ಪ ಮತ್ತು ನಾಯಿ. ಸನತ್‌ನಗರದಿಂದ ಬಾಲಾನಗರದವರೆಗೂ ಆ ನಾಯಿ ಆಟೋದಿಂದ ಅರ್ಧ ಮೈ ಹೊರಗೆ ಚಾಚಿ, ನನ್ನನ್ನು ಮಕ್ಕಳ ಕಳ್ಳ ಎಂದು ಊರಿಗೆಲ್ಲ ಸಾರುತ್ತ ಬಂತು. ಸಿಗ್ನಲ್ಲಿನಲ್ಲಿ ನಿಂತಾಗ ಪೊಲೀಸಿನವನು ಚೀಲ ಬಿಚ್ಚಿಸಿ ನೋಡಿದ. ಕುಲಾವಿ ತೊಟ್ಟ ರುಬ್ಬುಗುಂಡನ್ನು ಕಂಡು ಏನೂ ಕೇಳದೆ ಚೀಲ ಕಟ್ಟಿದ.

ದ್ಯಾವಪ್ಪನ ಕೋಣೆಯ ಮುಂದೆ ಹರಕು ಗೋಣಿಯ ಮೇಲೆ ಗುಂಡಪ್ಪನನ್ನು ಇಟ್ಟೆವು. ನಾಯಿ ಮೂಸಿ, ಮೂರು ಸುತ್ತು ಸುತ್ತಿ ಅದರ ಪಕ್ಕ ಮಲಗಿತು. ಅಲ್ಲಿಗೆ ಅದರ ಮನೆ ಬದಲಾಯಿತು. ಕಲ್ಯಾಣಪ್ಪ ಕೊರಳಪಟ್ಟಿಯಿಂದ ಸರಪಳಿ ಬಿಚ್ಚಿ, ತಲೆ ಸವರಿ, ಗೇಟಿನ ಕಡೆ ನಡೆದ. ಹಿಂದಿನಿಂದ ಗುರ್ ಎಂಬ ಸದ್ದು ಬಂತು.

ಅವನು ತಿರುಗಿದ. ನಾಯಿ ಎದ್ದು ನಿಂತು ಅವನ ಕೈಯನ್ನೇ ನೋಡುತ್ತಿತ್ತು. ಕೈಯಲ್ಲಿ ಸರಪಳಿ ಉಳಿದಿತ್ತು. ಕಲ್ಯಾಣಪ್ಪ ಬಗ್ಗಿ ಅದನ್ನು ನೆಲದ ಮೇಲಿಟ್ಟ. ಎರಡೂ ಅಂಗೈ ಬಿಚ್ಚಿ, ತಿರುಗಿಸಿ ತೋರಿಸಿದ. ಮೈಕ್ರಾನ್ ನೋಡಿತು. ಒಯ್ಯುವುದಕ್ಕೆ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಬಾಲ ಅಲ್ಲಾಡಿಸಿ ಕೂತುಕೊಂಡಿತು.

“ಬಿಟ್ಟಿತು ನೋಡು, ಸೋಮಣ್ಣ,” ಎಂದ ಗೇಟಿನ ಹೊರಗೆ. “ಕೈ ಖಾಲಿ ಅದಾವಲ್ಲ.”

ಸ್ಕೂಟರಿನ ಹಿಂದೆ ಕೂತು ದಾರಿಯುದ್ದಕ್ಕೂ ಅವನು ಮೂಗು ಒರೆಸಿಕೊಂಡ. ಧೂಳು ಎಂದ. ಇರಲಿ, ಬಾಲಾನಗರದಲ್ಲಿ ಧೂಳಿಗೇನು ಕಡಿಮೆ.

ಮನೆ ಮುಟ್ಟಿದಾಗ 'ಗುಂಡು ಹೋಯಿತು, ಇನ್ನು ಈ ಮನೆಯಲ್ಲಿ ಚಟ್ನಿ ಕೇಳಬೇಡಿ' ಎಂದು ಶಿವದೇವಿ ಬಾಗಿಲಲ್ಲೇ ಬೈದಳು. ಬೈಯುತ್ತಲೇ ಅವನ ಮುಖ ನೋಡಿದಳು, ಒಳಗೆ ಹೋದಳು, ಪೂರ್ವಿಯನ್ನು ತಂದು ಅವನ ಕೈಗೆ ಕೊಟ್ಟಳು. ಹುಟ್ಟಿ ಇಪ್ಪತ್ತಮೂರು ದಿನವಾಗಿದ್ದರೂ ಅವನು ಕೂಸನ್ನು ಎತ್ತಿಕೊಂಡದ್ದು ಅದೇ ಮೊದಲು. ನಾಯಿ ಮುಟ್ಟಿದ ಕೈ ಎಂದು ಯಾರೂ ಕೊಟ್ಟಿರಲಿಲ್ಲ.

“ಮೂರು ಆರುನೂರು ಇರಬೇಕು,” ಎಂದ, ತೂಕ ನೋಡುತ್ತ.

ಸಂಜೆಯ ಬಿಸಿಲು ಬೀದಿಯಲ್ಲಿತ್ತು. ಕೂಸಿಗೆ ತೋರಿಸುತ್ತೇನೆಂದು ಬಾಗಿಲ ಕಡೆ ನಡೆದವನು ಹೊಸಿಲ ಹತ್ತಿರ ನಿಂತುಬಿಟ್ಟ. ಒಂದು ಕಾಲೆತ್ತಿ, ಹಿಂದೆ ತಿರುಗಿ ತೊಟ್ಟಿಲ ಕೆಳಗೆ ನೋಡಿದ. ಬಹಳ ಹೊತ್ತು ನೋಡಿದ. ಅಲ್ಲಿ ಯಾರೂ ಇರಲಿಲ್ಲ, ಯಾರೂ ಗುರ್ ಎನ್ನಲಿಲ್ಲ. ಆಮೇಲೆ ಕೂಸನ್ನು ಎದೆಗವಚಿಕೊಂಡು, ಅಳುತ್ತ, ಹೊಸಿಲು ದಾಟಿ ಹೊರಗೆ ಬಂದ.